ಅಡುಗೆಮನೆ ಗೋಡೆಯ ಚೀಟಿ

ನಂಜನಗೂಡು ಕಡೆಯ ಹದಿನಾರು ಎಂಬ ಊರಿನ ಬಸವಯ್ಯನವರ ಅಡುಗೆಮನೆ ಗೋಡೆಯ ಮೇಲೆ ವರ್ಷಗಟ್ಟಲೆ ಒಂದು ಇಂಗ್ಲಿಷ್ ಚೀಟಿ ಅಂಟಿಕೊಂಡಿತ್ತು. ಆ ಮನೆಯಲ್ಲಿ ಇಂಗ್ಲಿಷ್ ಬರುವವರು ಯಾರೂ ಇರಲಿಲ್ಲ. ಬಸವಯ್ಯನವರಿಗೆ ರುಜು ಹಾಕಲು ಬರುತ್ತಿತ್ತು, ಅವರ ಹೆಂಡತಿ ದೇವೀರಮ್ಮನಿಗೆ ಅದೂ ಬರುತ್ತಿರಲಿಲ್ಲ. ಆದರೂ ಚೀಟಿ ಅಂಟಿಸಿದವಳು ಅವಳೇ. ಅನ್ನದ ಅಗುಳು ಹಿಸುಕಿ, ನಾಲ್ಕು ಮೂಲೆಗೂ ಸವರಿ, ನಂಜುಂಡೇಶ್ವರನ ಕ್ಯಾಲೆಂಡರಿನ ಪಕ್ಕದಲ್ಲೇ ಅಂಟಿಸಿದ್ದಳು. ಬೆಳಿಗ್ಗೆ ದೇವರಿಗೆ ಕೈಮುಗಿದ ಮೇಲೆ ಅದರ ಕಡೆಗೂ ಒಮ್ಮೆ ನೋಡುತ್ತಿದ್ದಳು. ಗಂಡನ ಜೀವ ಆ ಹಾಳೆಯಲ್ಲಿದೆ ಎಂದು ಅವಳು ನಂಬಿದ್ದಳು. ಆ ನಂಬಿಕೆಯಲ್ಲಿ ತಪ್ಪೇನೂ ಇರಲಿಲ್ಲ, ಜೀವ ಇದ್ದದ್ದು ಅಲ್ಲೇ. ಅದನ್ನು ಓದಿ ಹೇಳಿದವನನ್ನೂ ನಂಬಿದಳಲ್ಲ, ಕೆಟ್ಟದ್ದು ಅಲ್ಲಿ.

ಓದಿ ಹೇಳಿದವನು ಬೇರೆ ಯಾರೋ ಅಲ್ಲ, ಒಡಹುಟ್ಟಿದ ತಮ್ಮ ಪುಟ್ಟಸ್ವಾಮಿ. ತಾಯಿ ತೀರಿಕೊಂಡಾಗ ಅವನಿಗೆ ಮೂರು ವರ್ಷ, ದೇವೀರಮ್ಮನಿಗೆ ಹನ್ನೆರಡು. ಅವನನ್ನು ಸೊಂಟದ ಮೇಲೆ ಹೊತ್ತೇ ಅವಳು ದೊಡ್ಡವಳಾದಳು. ಮದುವೆಯಾಗಿ ಹದಿನಾರಿಗೆ ಹೊರಡುವ ದಿನ, ಇವನನ್ನು ಬಿಟ್ಟು ಗಾಡಿ ಹತ್ತುವುದಿಲ್ಲ ಎಂದು ಹಟ ಹಿಡಿದಳಂತೆ. ಬಸವಯ್ಯನವರು ನಕ್ಕು, ಬಾಮೈದನನ್ನೂ ಎತ್ತಿ ಗಾಡಿಯಲ್ಲಿ ಕೂರಿಸಿದರಂತೆ. ಆ ಮನೆಯಲ್ಲಿ ಮಕ್ಕಳಾಗಲಿಲ್ಲ. ಮಗ ಎಂದರೂ ಅವನೇ, ಬಾಮೈದ ಎಂದರೂ ಅವನೇ. ನಂಜನಗೂಡಿಗೆ ಕಳಿಸಿ ಪಿಯುಸಿವರೆಗೂ ಓದಿಸಿದರು. ಇಂಗ್ಲಿಷಿನಲ್ಲಿ ಪಾಸಾಗಿ, ಉಳಿದದ್ದರಲ್ಲೆಲ್ಲ ಫೇಲಾಗಿ ಬಂದ. ಆಗ ಊರಿನವರೆಲ್ಲ ನಕ್ಕರು, ಬಸವಯ್ಯನವರು ಮಾತ್ರ ಇಂಗ್ಲಿಷು ಬಂತಲ್ಲ, ಮನೆಗೊಬ್ಬನಿಗಾದರೂ ಬಂತಲ್ಲ ಎಂದು ಅದನ್ನೇ ಹಿಡಿದುಕೊಂಡು ಹೇಳುತ್ತಿದ್ದರು.

ಎಂಬತ್ತೊಂಬತ್ತರಲ್ಲಿ ಪುಟ್ಟಸ್ವಾಮಿ ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಎದುರಿಗೆ ಬೇಕರಿ ತೆರೆದ. ಅವನ ಬೆಣ್ಣೆ ಬಿಸ್ಕತ್ತಿಗೆ ಒಂದೆರಡು ವರ್ಷದಲ್ಲೇ ಹೆಸರು ಬಂತು. ತಲಕಾಡು, ಮುಡುಕುತೊರೆ ಕಡೆಯ ಬಸ್ಸು ಹತ್ತುವವರು ಒಂದು ಪೊಟ್ಟಣ ಕಟ್ಟಿಸಿಕೊಳ್ಳದೆ ಹತ್ತುತ್ತಿರಲಿಲ್ಲ. ಬಾಯಿಗೆ ಹಾಕಿದರೆ ಹಲ್ಲಿಗೆ ಕೆಲಸವೇ ಇಲ್ಲ, ತಾನಾಗಿ ಕರಗುತ್ತದೆ ಎಂದು ಜನ ಹೊಗಳುತ್ತಿದ್ದರು. ಕರಗದೆ ಏನು ಮಾಡೀತು? ಅದರಲ್ಲಿದ್ದದ್ದು ದೇವೀರಮ್ಮನ ಬೆಣ್ಣೆ. ಮನೆಯಲ್ಲಿ ಮೂರು ಎಮ್ಮೆ ಇದ್ದವು. ವಾರವೆಲ್ಲ ಕಡೆದು ಕೂಡಿಟ್ಟ ಬೆಣ್ಣೆಯನ್ನು ಶನಿವಾರ ಬೆಳಿಗ್ಗೆ ಪುಟ್ಟಸ್ವಾಮಿ ಮೊಪೆಡ್ಡಿನಲ್ಲಿ ಬಂದು ಕ್ಯಾನಿಗೆ ತುಂಬಿಕೊಂಡು ಹೋಗುತ್ತಿದ್ದ. ತೊಂಬತ್ತಮೂರರ ಸುಮಾರಿಗೆ ಅದು ನಿಂತಿತು. ಈಗ ಅಂಗಡಿ ಬಾಗಿಲಿಗೇ ಸಾಮಾನು ಬರುತ್ತದೆ, ನೀನು ಯಾಕೆ ರಟ್ಟೆ ನೋಯಿಸಿಕೊಳ್ಳುತ್ತೀಯ ಅಕ್ಕ ಎಂದ. ಯಾವ ಸಾಮಾನು ಎಂದು ಅವಳು ಕೇಳಲಿಲ್ಲ. ತಮ್ಮ ತನ್ನ ರಟ್ಟೆಯ ಬಗ್ಗೆ ಯೋಚಿಸಿದನಲ್ಲ ಎಂದು ನಾಲ್ಕು ಮನೆಗೆ ಹೇಳಿಕೊಂಡು ಬಂದಳು.

ತೊಂಬತ್ತೇಳರ ಕಾರ್ತಿಕದಲ್ಲಿ ಬಸವಯ್ಯನವರು ಗದ್ದೆಯ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನಾಲ್ಕು ಜನ ಹೊತ್ತು ತಂದು ಜೀಪಿಗೆ ಹಾಕಿದರು. ನಂಜನಗೂಡಿನಲ್ಲಿ ನೋಡಿ ಮೈಸೂರಿಗೆ ಕಳಿಸಿದರು. ಅಲ್ಲಿ ಹನ್ನೊಂದು ದಿನ ಇದ್ದರು. ಆ ಹನ್ನೊಂದು ದಿನವೂ ಪುಟ್ಟಸ್ವಾಮಿ ಅಂಗಡಿ ಬಿಟ್ಟು ಭಾವನ ಮಂಚದ ಕಾಲಬುಡದಲ್ಲೇ ಇದ್ದ. ಇದನ್ನು ಮರೆಯಬಾರದು. ಮಲ ಮೂತ್ರ ಬಳಿದವನು ಅವನು. ಭಾವನೋರು ಹೋದರೆ ನಾನು ಉಳಿಯೋದಿಲ್ಲ ಎಂದು ಹೊರಗಿನ ಕಂಬಕ್ಕೆ ಹಣೆ ಒತ್ತಿಕೊಂಡು ಅತ್ತವನೂ ಅವನೇ. ಆ ಅಳು ಸುಳ್ಳಲ್ಲ ಎಂದು ದೇವೀರಮ್ಮನಿಗೆ ಇವತ್ತಿಗೂ ಗೊತ್ತು. ಅದೇ ಅವಳನ್ನು ಹೆಚ್ಚು ಸುಡುವುದು.

ಮನೆಗೆ ಕಳಿಸುವ ದಿನ ಡಾಕ್ಟರು ಪುಟ್ಟಸ್ವಾಮಿಯನ್ನು ಒಳಗೆ ಕರೆದು, ಏನು ತಿನ್ನಬಾರದು ಎಂದು ಬರೆದ ಅಚ್ಚಿನ ಚೀಟಿ ಕೊಟ್ಟರು. ಅವನು ಹೊರಗೆ ಬಂದು ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತ. ಆ ಬೆಂಚಿನ ಮೇಲೆ ನರಸೀಪುರದವರೇ ಇಬ್ಬರಿದ್ದರು. ಒಬ್ಬರು ಮೇಷ್ಟ್ರು, ಇನ್ನೊಬ್ಬ ಬಸ್ಸಿನ ಕಂಡಕ್ಟರ್. ಇಬ್ಬರೂ ದಿನಾ ಅವನ ಅಂಗಡಿ ಮುಂದೆ ನಿಂತು ಕಾಫಿಗೆ ಬಿಸ್ಕತ್ತು ಅದ್ದುವವರು. ಮೇಷ್ಟ್ರು ಏನಂತೆ ಪುಟ್ಟಸ್ವಾಮಿ ಎಂದು ಕತ್ತು ಚಾಚಿದರು. ಪುಟ್ಟಸ್ವಾಮಿ ಚೀಟಿಯನ್ನು ತನ್ನ ಕಡೆಗೆ ಒಸಿ ವಾಲಿಸಿಕೊಂಡು, ಸಾಲಿನ ಮೇಲೆ ಬೆರಳಿಟ್ಟು ಓದಿದ.

"ತುಪ್ಪ ಬ್ಯಾಡ. ಬೆಣ್ಣೆ ಬ್ಯಾಡ. ತೆಂಗಿನಕಾಯಿ ಬ್ಯಾಡ. ಉಪ್ಪು ಒಸಿ ಕಮ್ಮಿ. ಅಷ್ಟೆ ಕಣಕ್ಕ."

ನಡುವೆ ಒಂದು ಗಳಿಗೆ ಅವನ ಬೆರಳು ನಿಂತಿತ್ತು. ದೇವೀರಮ್ಮ ಅದನ್ನು ನೋಡಿದ್ದಳು. ಪಾಪ, ಇಂಗ್ಲಿಷು ಕಷ್ಟವಿರಬೇಕು ಎಂದುಕೊಂಡಳು. ಅವನು ಹೇಳಿದ್ದನ್ನು ಬಾಯಿಪಾಠ ಮಾಡಿಕೊಂಡು, ಚೀಟಿಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಊರಿಗೆ ಬಂದಳು.

ಊರಿಗೆ ಬಂದವಳು ಮಾಡಿದ ಪಥ್ಯ ಎಂಥದ್ದು ಎಂದರೆ, ಹದಿನಾರಿನಲ್ಲಿ ಇವತ್ತಿಗೂ ಹೆಂಗಸರು ಅದನ್ನು ಎತ್ತಿ ಆಡುತ್ತಾರೆ. ತುಪ್ಪದ ಗಡಿಗೆಯನ್ನು ಅಂದೇ ಮಠದ ದೀಪಕ್ಕೆ ಕೊಟ್ಟುಬಿಟ್ಟಳು. ಬೆಣ್ಣೆ ಕಣ್ಣಿಗೆ ಬಿದ್ದರೆ ಗಂಡನಿಗೆ ಆಸೆಯಾಗುತ್ತದೆ ಎಂದು ತಿಂಗಳೊಳಗೆ ಮೂರು ಎಮ್ಮೆಯನ್ನೂ ಮಾರಿದಳು. ಕೊನೆಯ ಎಮ್ಮೆ ಹೋಗುವಾಗ ಹಿಂದೆ ತಿರುಗಿ ತಿರುಗಿ ನೋಡಿತಂತೆ. ಕೊಟ್ಟಿಗೆಯ ಬಾಗಿಲು ಹಾಕಿ ಒಳಗೆ ಬಂದವಳು ಅತ್ತಳೋ ಇಲ್ಲವೋ, ಯಾರಿಗೂ ಕಾಣಿಸಲಿಲ್ಲ. ಕಡಗೋಲನ್ನು ಅಟ್ಟಕ್ಕೆ ಎಸೆದಳು. ಸಾರಿಗೆ ಕಾಯಿ ಅರೆಯುವುದು ನಿಂತಿತು. ಒಗ್ಗರಣೆಗೆ ಎಣ್ಣೆ ಬಿಡುವಾಗ ಬೆರಳು ಅದ್ದಿ ಸವರಿದರೆ ಮುಗಿಯಿತು. ನೆಂಟರ ಮನೆಯ ಮದುವೆಗೆ ಹೋದರೂ ಗಂಡನ ಎಲೆಯ ಪಕ್ಕದಲ್ಲೇ ನಿಂತು, ಬಡಿಸುವವರ ಕೈಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಬಸವಯ್ಯನವರು ಮೊದಮೊದಲು ನಗುತ್ತಿದ್ದರು. ಆಮೇಲೆ ಬೈಯುತ್ತಿದ್ದರು. ಕೊನೆಗೆ ಸುಮ್ಮನಾದರು.

ಇನ್ನು ನೋಡಲು ಬರುವವರ ಸಂಗತಿ. ಆ ಸೀಮೆಯಲ್ಲಿ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಲಿ ಬರುವುದಿಲ್ಲ. ತರುವುದು ಬ್ರೆಡ್ಡು, ಬನ್ನು, ಬಿಸ್ಕತ್ತು. ಒಣ ತಿಂಡಿ, ಹಗುರ, ಹೊಟ್ಟೆಗೆ ಭಾರವಾಗುವುದಿಲ್ಲ ಎಂದು ಲೆಕ್ಕ. ಗಟ್ಟಿಮುಟ್ಟಾಗಿರುವ ಗಂಡಸು ಬ್ರೆಡ್ಡು ತಿಂದರೆ ಏನ್ಲಾ ಜ್ವರವಾ ಎಂದು ಕೇಳುವ ಜನ ಅವರು. ಕೈಗೆ ಜಿಡ್ಡು ಅಂಟಿದರೆ ತಾನೇ ಅದು ಜಿಡ್ಡಿನ ತಿಂಡಿ? ಬಿಸ್ಕತ್ತು ಮುರಿದರೆ ಪುಡಿ ಉದುರುತ್ತದೆ, ಎಣ್ಣೆ ತೊಟ್ಟಿಕ್ಕುವುದಿಲ್ಲವಲ್ಲ. ಹಾಗೆಂದುಕೊಂಡು ಸುತ್ತಲ ಏಳೂರಿನವರು ಬಸವಯ್ಯನವರನ್ನು ನೋಡಲು ಬಂದರು. ಬಾಮೈದನ ಅಂಗಡಿ ಬಿಟ್ಟು ಬೇರೆ ಕಡೆ ಕೊಂಡರೆ ಬೇಜಾರಾದೀತು ಎಂದು ಎಲ್ಲರೂ ಅವನ ಬೆಣ್ಣೆ ಬಿಸ್ಕತ್ತನ್ನೇ ತಂದರು. ಹದಿನೈದು ದಿನದಲ್ಲಿ ಗೋಡೆಯ ಗೂಡು ತುಂಬಿತು.

ದೇವೀರಮ್ಮನಿಗೆ ಅನುಮಾನ ಬಂತು. ಹೆಸರೇ ಬೆಣ್ಣೆ ಬಿಸ್ಕತ್ತು. ಅದನ್ನು ಗಂಡನಿಗೆ ಕೊಡುವುದು ಹೇಗೆ? ಮುಂದಿನ ಶನಿವಾರ ತಮ್ಮ ಬಂದಾಗ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದಳು. ಅವನು ಆಚೆ ಈಚೆ ನೋಡಿ, ದನಿ ತಗ್ಗಿಸಿದ.

"ಎಸ್ರು ಮಾತ್ರ ಬೆಣ್ಣೆ ಬಿಸ್ಕತ್ತು ಕಣಕ್ಕ. ಅದ್ಕೆ ಬೆಣ್ಣೆ ಆಕಿ ನಾಕು ವರ್ಸ ಆಯ್ತು. ಇದ ಯಾರ್ಗೂ ಏಳ್ಬ್ಯಾಡ, ಅಂಗಡಿ ಎಸ್ರು ಓಯ್ತದೆ. ಒಣ ತಿಂಡಿ, ಜಿಡ್ಡಿಲ್ಲ. ಭಾವನೋರು ಧಾರಾಳವಾಗಿ ತಿನ್ಲಿ."

ದೇವೀರಮ್ಮನ ಎದೆ ಹಗುರವಾಯಿತು. ಅಂಗಡಿಯ ಗುಟ್ಟನ್ನು ಭಾವನ ಜೀವಕ್ಕೋಸ್ಕರ ಬಿಟ್ಟುಕೊಟ್ಟನಲ್ಲ ಎಂದು ತಮ್ಮನ ಮೇಲೆ ಇನ್ನಷ್ಟು ಪ್ರೀತಿ ಉಕ್ಕಿತು. ಹುಟ್ಟಿದಾಗಿನಿಂದ ಹಾಲು, ಮೊಸರು, ಬೆಣ್ಣೆಯಲ್ಲೇ ಕೈ ಅದ್ದಿ ಬೆಳೆದ ಹೆಂಗಸು ಅವಳು. ಬರೀ ಹಿಟ್ಟು ಸಕ್ಕರೆ ಕಲಸಿ ಸುಟ್ಟರೆ ಹೆಂಚಿನ ಚೂರಿನ ಹಾಗೆ ಗಟ್ಟಿಯಾಗುತ್ತದೆ, ಬಾಯಲ್ಲಿ ಕರಗಬೇಕಾದರೆ ಅದಕ್ಕೆ ಏನಾದರೂ ಜಿಡ್ಡು ಬೀಳಲೇಬೇಕು ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಬೆಣ್ಣೆ ಇಲ್ಲ ಎಂದ ಮೇಲೆ ಏನಿದೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಈ ಒಂದು ಕೇಳದ ಮಾತಿಗಾಗಿ ಅವಳು ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ, ಆದರೆ ಅದು ಆಮೇಲಿನ ಕತೆ.

ಅಂದಿನಿಂದ ಪುಟ್ಟಸ್ವಾಮಿ ಪ್ರತಿ ಶನಿವಾರವೂ ಒಂದು ದೊಡ್ಡ ಕವರು ಬಿಸ್ಕತ್ತು ತಂದುಕೊಡತೊಡಗಿದ. ಒಂದು ಕಾಲಕ್ಕೆ ಅದೇ ಶನಿವಾರ ಅದೇ ಮೊಪೆಡ್ಡಿನಲ್ಲಿ ಬೆಣ್ಣೆ ಹೋಗುತ್ತಿತ್ತು. ದೇವೀರಮ್ಮ ಬೆಳಿಗ್ಗೆ ಕಾಫಿಗೆ ಆರು, ಸಂಜೆ ಕಾಫಿಗೆ ಆರು ಎಂದು ತಟ್ಟೆಯಲ್ಲಿಟ್ಟು ಕೊಡುತ್ತಿದ್ದಳು. ಎಲ್ಲವನ್ನೂ ಕಿತ್ತುಕೊಂಡ ಮೇಲೆ ಇದೊಂದನ್ನಾದರೂ ಕೈತುಂಬ ಕೊಡಬಹುದಲ್ಲ ಎಂದು ಅವಳಿಗೆ ಸಮಾಧಾನ. ಎರಡು ಹೆಚ್ಚು ಕೇಳಿದರೆ ಎರಡು ಹೆಚ್ಚೇ ಕೊಡುತ್ತಿದ್ದಳು.

ಎರಡು ಸಾವಿರದ ಒಂದರ ಯುಗಾದಿಯ ದಿನ ಮಾತ್ರ ಅವಳ ಮನಸ್ಸಿನಿಂದ ಅಳಿಸುವುದಿಲ್ಲ. ಹಬ್ಬ ಬಿಡುವ ಹಾಗಿಲ್ಲವೆಂದು ಒಬ್ಬಟ್ಟು ತಟ್ಟಿದ್ದಳು. ಕಾಯಿ ಹಾಕದ ಬೇಳೆ ಹೂರಣ, ಹೆಂಚಿಗೆ ಎಣ್ಣೆ ಸೋಕಿಸಿದ್ದಳೋ ಇಲ್ಲವೋ ಎನ್ನುವಷ್ಟು. ಬಸವಯ್ಯನವರು ಎಲೆಯ ಮುಂದೆ ಕೂತು ಒಬ್ಬಟ್ಟನ್ನು ಎತ್ತಿ ನೋಡಿದರು. ಅದು ಚಪ್ಪಲಿಯ ಅಟ್ಟೆಯ ಹಾಗೆ ಒಣಗಿತ್ತು. ಅವರು ತಲೆ ಎತ್ತಿ, ಅರವತ್ತು ದಾಟಿದ ಆ ಮನುಷ್ಯ, ಬಲಗೈಯನ್ನು ಮಗುವಿನ ಹಾಗೆ ಬೊಗಸೆ ಮಾಡಿ ಚಾಚಿದರು.

"ಒಂದ್ ಮಿಳ್ಳೆ ತುಪ್ಪ ಬುಡು ದೇವಿ. ವರ್ಸಕ್ಕೊಂದ್ ದಿನ."

ಅವಳು ಬಿಡಲಿಲ್ಲ. ಬಿಡಲು ಮನೆಯಲ್ಲಿ ತುಪ್ಪವೂ ಇರಲಿಲ್ಲ. ಪಕ್ಕದ ಮನೆಯಿಂದ ತರಬಹುದಿತ್ತು. ಗೋಡೆಯ ಚೀಟಿಯ ಕಡೆ ಕೈ ತೋರಿಸಿ, ಅಲ್ಲಿ ಬರೆದಿರೋದನ್ನು ಮೀರಿ ನಾನು ಮುಂಡೆಯಾಗಲಾ ಎಂದು ಕೇಳಿದಳು. ಹಬ್ಬದ ದಿನ ಆಡಬಾರದ ಮಾತು. ಬಸವಯ್ಯನವರು ಕೈ ಹಿಂದಕ್ಕೆ ತೆಗೆದುಕೊಂಡರು. ಒಬ್ಬಟ್ಟನ್ನು ಎಲೆಯ ಅಂಚಿಗೆ ಸರಿಸಿ, ಇದಕ್ಕಿಂತ ಆ ಬಿಸ್ಕತ್ತೇ ವಾಸಿ, ಅದನ್ನೇ ತಾ ಎಂದರು. ಅವಳು ಖುಷಿಯಿಂದ ಎದ್ದು ಹೋಗಿ ಹತ್ತು ಬಿಸ್ಕತ್ತು ತಂದು ಎಲೆಗೆ ಹಾಕಿದಳು. ಯುಗಾದಿಯ ಎಲೆಯ ಮೇಲೆ.

ಮಾರನೆಯ ವರ್ಷ ಆಷಾಢದ ಒಂದು ಬೆಳಿಗ್ಗೆ ಅವರು ಜಗಲಿಯ ಮೇಲೆ ಕೂತಿದ್ದಾಗ ಎದೆ ಮತ್ತೆ ಹಿಡಿಯಿತು. ಈ ಸಲ ಜೀಪು ಬರುವವರೆಗೂ ಕಾಯಲಿಲ್ಲ. ದೇವೀರಮ್ಮ ಓಡಿ ಬಂದಾಗ ಲೋಟದಲ್ಲಿ ಕಾಫಿ ಇನ್ನೂ ಬೆಚ್ಚಗಿತ್ತು, ತಟ್ಟೆಯಲ್ಲಿ ಎರಡು ಬಿಸ್ಕತ್ತು ಉಳಿದಿದ್ದವು. ವಿಭೂತಿ ಇಟ್ಟು ಕೂರಿಸಿದಾಗ ಬಂದವರೆಲ್ಲ ಒಂದೇ ಮಾತು ಹೇಳಿದರು: ಅಷ್ಟು ಪಥ್ಯ ಮಾಡಿದಳು, ಐದು ವರ್ಷ ಉಳಿಸಿಕೊಂಡಳು, ಇನ್ನು ಅವಳ ಕೈಲಿ ಏನಿತ್ತು. ಎಲ್ಲರಿಗಿಂತ ಹೆಚ್ಚು ಅತ್ತವನು ಪುಟ್ಟಸ್ವಾಮಿ. ನನ್ನಪ್ಪನೇ ಹೋದ ಎಂದು ಮಣ್ಣಿಗೆ ಬಿದ್ದು ಹೊರಳಾಡಿದ. ದೇವೀರಮ್ಮನೇ ತಮ್ಮನನ್ನು ಎಬ್ಬಿಸಿ, ಬೆನ್ನು ಸವರಿ, ನೀನು ನಾನು ಇಬ್ಬರೂ ಮಾಡುವಷ್ಟು ಮಾಡಿದೆವು ಕಣಪ್ಪ ಎಂದು ಸಮಾಧಾನ ಹೇಳಿದಳು. ಅವನು ಇನ್ನೂ ಜೋರಾಗಿ ಅತ್ತ.

ಗದ್ದೆಯನ್ನು ದಾಯಾದಿಗಳಿಗೆ ಬೆಳೆಯಲ್ಲಿ ಅರ್ಧ ಪಾಲಿನ ವಾರಕ್ಕೆ ಕೊಟ್ಟು ಒಂದು ವರ್ಷ ಹೇಗೋ ಕಳೆದಳು. ಆಮೇಲೆ ಪುಟ್ಟಸ್ವಾಮಿ ಬಂದು, ಒಬ್ಬಳೇ ಯಾಕೆ ಇರ್ತೀಯ ಎಂದು ನರಸೀಪುರಕ್ಕೆ ಕರೆದುಕೊಂಡು ಹೋದ. ಸುಮ್ಮನೆ ಕೂತು ತಿನ್ನುವ ಜಾಯಮಾನದವಳಲ್ಲ ಅವಳು. ಬೇಕರಿಯ ಹಿಂದಿನ ಕೋಣೆಯಲ್ಲಿ ಕೂತು ಬಿಸ್ಕತ್ತುಗಳನ್ನು ಕವರಿಗೆ ತುಂಬಿ ಕಟ್ಟುವ ಕೆಲಸಕ್ಕೆ ತಾನಾಗಿ ಇಳಿದಳು. ಅಲ್ಲಿ ಭಟ್ಟಿಯ ಕೆಲಸಕ್ಕಿದ್ದವನು ಕರಿಯಯ್ಯ, ಮುಡುಕುತೊರೆ ಕಡೆಯವನು, ಐವತ್ತರ ಆಳು. ಮಾತು ಕಡಿಮೆ. ಮೊದಲ ದಿನವೇ ದೇವೀರಮ್ಮ ಅವನು ಹಿಟ್ಟು ಕಲಸುವುದನ್ನು ನೋಡುತ್ತ ನಿಂತಳು. ಅವನು ಒಂದು ದೊಡ್ಡ ತಗಡಿನ ಡಬ್ಬದ ಮುಚ್ಚಳ ಕಿತ್ತು, ಬಿಳಿಯ ಗಟ್ಟಿ ಜಿಡ್ಡನ್ನು ಎರಡೂ ಕೈಯಲ್ಲಿ ಬಾಚಿ ಬಾಚಿ ಮೈದಾಹಿಟ್ಟಿಗೆ ಹಾಕುತ್ತಿದ್ದ. ಮೂಲೆಯಲ್ಲಿ ಅಂಥವೇ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿತ್ತು.

ಅದೇನು ಎಂದು ಕೇಳಿದ್ದಕ್ಕೆ ವನಸ್ಪತಿ ಎಂದ. ಬಿಸ್ಕತ್ತಿಗೆ ಇದು ಇಲ್ಲದೆ ಆಗುವುದೇ ಇಲ್ಲ, ನಾನು ಬಂದಾಗಿನಿಂದ ಇದೇ, ಎಂದ. ಆಮೇಲೆ ಯಾಕೋ ಕೈ ನಿಲ್ಲಿಸಿ, ಅವಳ ಮುಖ ನೋಡಿ, ಇಷ್ಟು ಹೇಳಿದ:

"ಸಾವ್ಕಾರ್ರು ಇದ ಮನೆಗೆ ತಕ್ಕೊಂಡೋಗಾಕಿಲ್ಲ ಕಣವ್ವ. ಮನೆಗೆ ಅಂತ ಬ್ಯಾರೆ ಒಂದ್ ಟ್ರೇ ಮಾಡುಸ್ಕತ್ತಾರೆ, ಬೆಣ್ಣೆ ಆಕ್ಸಿ."

ಅವತ್ತೇ ಅವಳು ತಮ್ಮನನ್ನು ಕೇಳಿದಳು. ಅವನು ತಡವರಿಸಲಿಲ್ಲ. ಲೋಕದ ಬೇಕರಿಗಳೆಲ್ಲ ನಡೆಯುವುದು ಅದರಿಂದಲೇ, ಊರೆಲ್ಲ ತಿನ್ನುತ್ತದೆ, ಡಾಕ್ಟರು ತುಪ್ಪ ಬೇಡ ಬೆಣ್ಣೆ ಬೇಡ ಅಂದರೇ ಹೊರತು ಇದನ್ನು ಬೇಡ ಅನ್ನಲಿಲ್ಲವಲ್ಲ ಎಂದ. ಮನೆಯ ಟ್ರೇ ಮಾತು ಎತ್ತಿದ್ದಕ್ಕೆ, ಅದು ಹೆಂಡತಿಯ ನಾಲಗೆ ರುಚಿ ಎಂದ. ದೇವೀರಮ್ಮ ಮನಸ್ಸಿನಲ್ಲೇ ಬಾಯಿಪಾಠ ತಿರುವಿಹಾಕಿದಳು. ತುಪ್ಪ, ಬೆಣ್ಣೆ, ತೆಂಗಿನಕಾಯಿ, ಉಪ್ಪು. ಹೌದು, ಇದು ಅದರಲ್ಲಿ ಇರಲಿಲ್ಲ. ಚೀಟಿಯಲ್ಲಿ ಇಲ್ಲದ್ದನ್ನು ತಾನಾದರೂ ಹೇಗೆ ತಿಳಿಯಬೇಕಿತ್ತು, ಅವನಾದರೂ ಹೇಗೆ ತಿಳಿಯಬೇಕಿತ್ತು? ಹಾಗೆಂದು ಮನಸ್ಸಿಗೆ ತೇಪೆ ಹಾಕಿಕೊಂಡು ಮೂರು ವರ್ಷ ಬಿಸ್ಕತ್ತು ಕಟ್ಟಿದಳು.

ಎರಡು ಸಾವಿರದ ಆರರಲ್ಲಿ ಹದಿನಾರಿನ ಮನೆಯನ್ನು ಅಂಗನವಾಡಿಗೆ ಬಾಡಿಗೆಗೆ ಕೇಳಿದರು. ಸುಣ್ಣ ಹೊಡೆಸಲು ಹೋದವಳು, ಅಡುಗೆಮನೆಯ ಗೋಡೆಗೆ ನೀರು ಚಿಮುಕಿಸಿ ಆ ಚೀಟಿಯನ್ನು ಹರಿಯದ ಹಾಗೆ ಬಿಡಿಸಿಕೊಂಡಳು. ಹೊಗೆಗೆ ಕಂದಿತ್ತು, ಒಂದು ಮೂಲೆಗೆ ಅರಿಸಿನದ ಕೈ ತಾಗಿತ್ತು. ಗಂಡನ ಗುರುತು ಎಂದು ಮಡಚಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಳು. ಆ ವಾರ ಒಂದು ಮಧ್ಯಾಹ್ನ ಪುಟ್ಟಸ್ವಾಮಿಯ ಮಗಳು ಅರ್ಪಿತ ಕಾಲೇಜಿನಿಂದ ಬಂದು ಅತ್ತೆಯ ಪಕ್ಕ ಕೂತಿದ್ದಳು. ಅವಳು ಪಿಯುಸಿ ಓದುತ್ತಿದ್ದ ಹುಡುಗಿ, ಅವಳಿಗೆ ಇಂಗ್ಲಿಷೆಂದರೆ ಎಲೆಅಡಿಕೆ ಅಗಿದಷ್ಟು ಸಲೀಸು. ನಿಮ್ಮಪ್ಪ ಅವತ್ತು ಇದನ್ನು ಓದಿ ಹೇಳಿದ್ದ ಕಣವ್ವ, ನೀನೂ ಒಂದು ಸಲ ಓದು, ಕೇಳೋಣ ಎಂದು ದೇವೀರಮ್ಮ ಚೀಟಿ ಬಿಡಿಸಿ ಕೊಟ್ಟಳು. ಕೇಳಬೇಕೆಂಬ ಆಸೆ ಅಷ್ಟೇ, ಬೇರೇನೂ ಇರಲಿಲ್ಲ.

ಹುಡುಗಿ ಓದಿ, ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದಳು. ಒಂದನೆಯದು ತುಪ್ಪ. ಎರಡನೆಯದು ಬೆಣ್ಣೆ. ಮೂರನೆಯದು ವನಸ್ಪತಿ.

ದೇವೀರಮ್ಮನ ಕೈಯಲ್ಲಿದ್ದ ಅಡಿಕೆ ಹಾಗೇ ಉಳಿಯಿತು. ಅರ್ಪಿತ ಗಮನಿಸದೆ ಮುಂದೆ ಹೋದಳು. ನಾಲ್ಕನೆಯದು ತೆಂಗಿನಕಾಯಿ. ಐದನೆಯದು ಕೇಕು, ಬಿಸ್ಕತ್ತು, ಬೇಕರಿ ತಿಂಡಿಗಳು. ಆರನೆಯದು ಉಪ್ಪು. ಓದಿ ಮುಗಿಸಿ, ನಮ್ಮ ಅಂಗಡೀನೇ ಇದೆಯಲ್ಲ ಅತ್ತೆ ಇದರಲ್ಲಿ ಎಂದು ನಕ್ಕಳು. ಪಾಪ, ಆ ಹುಡುಗಿಗೆ ಏನು ಗೊತ್ತು? ದೇವೀರಮ್ಮ ಇನ್ನೊಂದು ಸಲ ಓದಿಸಿದಳು. ಮತ್ತೂ ಒಂದು ಸಲ ಓದಿಸಿದಳು. ಬೆರಳಿನ ಗೆಣ್ಣಿನ ಮೇಲೆ ಸಾಲುಗಳನ್ನು ಎಣಿಸಿಕೊಂಡಳು. ಮೂರು ಮತ್ತು ಐದು. ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ತಮ್ಮನ ಬೆರಳು ನಿಂತಿದ್ದ ಜಾಗ ಅವಳ ಕಣ್ಣಿಗೆ ಕಟ್ಟಿತು.

ಎಂಟು ದಿನ ಅವಳು ಹಿಂದಿನ ಕೋಣೆಯಲ್ಲಿ ಬಿಸ್ಕತ್ತು ಕಟ್ಟುತ್ತಲೇ ಇದ್ದಳು. ಸಿಟ್ಟು ಬಂದಿತ್ತು. ಅವನು ಯಾಕೆ ಬಿಟ್ಟನೆಂದು ಅವಳಿಗೆ ಅರ್ಥವಾಗದೆ ಇರಲಿಲ್ಲ. ಪಕ್ಕದಲ್ಲಿ ಗಿರಾಕಿಗಳು ಕೂತಿದ್ದರು, ಬಾಯಿಬಿಟ್ಟು ಬೇಕರಿ ತಿಂಡಿ ಬೇಡ ಎಂದು ಓದಿದ್ದರೆ ತನ್ನ ಅಂಗಡಿಗೆ ತಾನೇ ಕಲ್ಲು ಹೊಡೆದ ಹಾಗಾಗುತ್ತಿತ್ತು. ಸರಿ, ಅಲ್ಲಿ ಬಿಟ್ಟ. ಮನೆಗೆ ಬಂದ ಮೇಲೆ ಹೇಳಬಹುದಿತ್ತಲ್ಲ? ಹಿತ್ತಲಿನಲ್ಲಿ ಅವಳು ಕೇಳಿದಾಗ ಹೇಳಬಹುದಿತ್ತಲ್ಲ? ಐದು ವರ್ಷದ ಶನಿವಾರಗಳಲ್ಲಿ ಯಾವುದಾದರೂ ಒಂದು ಶನಿವಾರ ಕೈಬೀಸಿಕೊಂಡು ಬರಬಹುದಿತ್ತಲ್ಲ? ಒಂದು ಸಲ ಬಿಟ್ಟದ್ದನ್ನು ಮತ್ತೆ ಎತ್ತಲು ನಾಚಿಕೆ. ಆ ನಾಚಿಕೆಗೆ ಅವಳ ಗಂಡ ಹೋದ.

ಆದರೆ ಬಿಸ್ಕತ್ತಿಗಿಂತ ಹೆಚ್ಚಾಗಿ ಅವಳನ್ನು ಕಿತ್ತು ತಿಂದದ್ದು ಆ ಬೊಗಸೆ. ತುಪ್ಪವೂ ಚೀಟಿಯಲ್ಲಿತ್ತು, ನಿಜ. ತುಪ್ಪ ಕೊಟ್ಟಿದ್ದರೂ ಅವರು ಹೋಗುತ್ತಿದ್ದರೇನೋ. ಎದೆಯ ಲೆಕ್ಕ ಯಾವ ಡಾಕ್ಟರಿಗೂ ಪೂರ್ತಿ ಸಿಕ್ಕಿಲ್ಲ. ಹೋಗುವುದೇ ಆಗಿದ್ದರೆ ಒಂದು ಯುಗಾದಿಯಾದರೂ ಹೊಟ್ಟೆ ತಣ್ಣಗೆ ಮಾಡಿಕೊಂಡು ಹೋಗುತ್ತಿದ್ದರು. ಒಂದು ಮಿಳ್ಳೆಗೆ ಕೈ ಚಾಚಿದವರನ್ನು ಮುಂಡೆತನದ ಮಾತಾಡಿ ಬಾಯಿ ಮುಚ್ಚಿಸಿ, ಅದೇ ಎಲೆಗೆ ಡಬ್ಬದ ಜಿಡ್ಡು ಬಡಿಸಿದ ಕೈ ತನ್ನದು. ಅಗುಳು ಹಿಸುಕಿ ಚೀಟಿ ಅಂಟಿಸಿದ್ದೂ ಅದೇ ಕೈ.

ಒಂಬತ್ತನೆಯ ದಿನ ಬೆಳಿಗ್ಗೆ ಹನ್ನೊಂದೂವರೆಯ ಮೈಸೂರು ಬಸ್ಸು ನಿಂತಿತ್ತು. ತಲಕಾಡು ಕಡೆಯ ಒಬ್ಬ ಹೆಂಗಸು, ನಲವತ್ತೈದರ ಆಸುಪಾಸು, ಅಂಗಡಿಯ ಮುಂದೆ ಬಂದು ನಿಂತಳು. ಗಂಡನನ್ನು ಎದೆನೋವಿಗೆ ಮೈಸೂರಿನಲ್ಲಿ ಸೇರಿಸಿದ್ದಾರೆ, ಏನು ತೆಗೆದುಕೊಂಡು ಹೋದರೆ ಆಗುತ್ತದೆ ಎಂದು ಕೇಳಿದಳು. ಹಿಂದಿನ ಕೋಣೆಯಲ್ಲಿ ಕೂತಿದ್ದ ದೇವೀರಮ್ಮನಿಗೆ ತಮ್ಮನ ದನಿ ಚೆನ್ನಾಗಿ ಕೇಳಿಸಿತು.

"ಬೆಣ್ಣೆ ಬಿಸ್ಕತ್ತು ತಕ್ಕಳವ್ವ. ಒಣ ತಿಂಡಿ, ಜಿಡ್ಡಿಲ್ಲ."

ಅವಳು ಎದ್ದು ಹೊರಗೆ ಬಂದಳು. ಎಲೆಅಡಿಕೆ ಚೀಲದಿಂದ ಚೀಟಿ ತೆಗೆದು, ಬಿಡಿಸಿ, ಗಾಜಿನ ಪೆಟ್ಟಿಗೆಯ ಮೇಲೆ ತಮ್ಮನ ಮುಂದೆ ಇಟ್ಟಳು. ಅರಿಸಿನದ ಮೂಲೆ ಅವನ ಕಡೆಗಿತ್ತು.

"ಪುಟ್ಟಸಾಮಿ, ಇದ ಓದಿ ಏಳು ಈ ಅವ್ವಂಗೆ."

ಅವನ ಮುಖದ ಬಣ್ಣ ಇಳಿಯಿತು. ಈಗ ಯಾಕಕ್ಕ, ಗಿರಾಕಿ ನಿಂತವರೆ ಎಂದು ಗೊಣಗಿದ. ಓದು ಎಂದಳು. ಬಸ್ಸಿಗೆ ಕಾಯುತ್ತಿದ್ದ ಮೂರು ನಾಲ್ಕು ಜನ ತಿರುಗಿ ನೋಡಿದರು. ಅವನು ಅಕ್ಕನ ಮುಖ ನೋಡಿದ. ಓದು ಬಾರದ ಅಕ್ಕನ ಮುಖ. ಸಾಲಿನ ಮೇಲೆ ಬೆರಳಿಟ್ಟ.

"ತುಪ್ಪ ಬ್ಯಾಡ. ಬೆಣ್ಣೆ ಬ್ಯಾಡ." ಬೆರಳು ಒಂದು ಗಳಿಗೆ ನಿಂತಿತು. "ತೆಂಗಿನಕಾಯಿ ಬ್ಯಾಡ. ಉಪ್ಪು ಒಸಿ ಕಮ್ಮಿ."

ದೇವೀರಮ್ಮ ಅವನು ಓದಲಿ ಎಂದು ಹಾರೈಸಿದ್ದಳು. ನಿಜಕ್ಕೂ ಹಾರೈಸಿದ್ದಳು. ಆ ಎರಡು ಸಾಲು ಓದಿಬಿಟ್ಟಿದ್ದರೆ ಅಲ್ಲೇ ಅವನನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳೇನೋ. ಸೊಂಟದ ಮೇಲೆ ಹೊತ್ತ ಮಗು.

"ಮೂರ್ನೇ ಸಾಲು ಬುಟ್ಟೆ ಕಣಪ್ಪ," ಎಂದಳು. "ಐದ್ನೇದೂ ಬುಟ್ಟೆ. ಅವತ್ತೂ ಅವೆಲ್ಡನ್ನೇ ಬುಟ್ಟಿದ್ದೆ."

ಕಂಡಕ್ಟರ್ ಸೀಟಿ ಊದಿದ. ಆ ಹೆಂಗಸಿಗೆ ಇದು ಅಕ್ಕತಮ್ಮಂದಿರ ಮನೆ ಜಗಳ ಎನಿಸಿತೋ ಏನೋ, ಬೇಗ ಕಟ್ಟಿಕೊಡಿ, ಬಸ್ಸು ಹೋಗುತ್ತದೆ ಎಂದಳು. ಅವನ ಕೈ ತಾನಾಗಿ ಪೊಟ್ಟಣ ಕಟ್ಟಿತು. ಹದಿನೇಳು ವರ್ಷ ಕಟ್ಟಿದ ಕೈ. ದೇವೀರಮ್ಮ ಅವಳ ತೋಳು ಹಿಡಿದು, ಇದು ಬೇಡ ತಾಯಿ, ನನ್ನ ಗಂಡ ಇದನ್ನೇ ತಿಂದು ಹೋದರು ಎಂದಳು. ಆ ಹೆಂಗಸು ಒಂದು ಕ್ಷಣ ಪೊಟ್ಟಣ ನೋಡಿದಳು, ಬಸ್ಸು ನೋಡಿದಳು.

"ಬರಿಗೈಲಿ ಎಂಗೋಗ್ಲಿ ಕಣವ್ವ," ಎಂದು ಪೊಟ್ಟಣ ಹಿಡಿದು ಓಡಿದಳು.

ದೇವೀರಮ್ಮ ರಸ್ತೆ ದಾಟಿ, ಗಾಡಿಯವನಿಂದ ಒಂದು ಚಿಪ್ಪು ಬಾಳೆಹಣ್ಣು ಎತ್ತಿಕೊಂಡು ಬಸ್ಸಿನ ಕಿಟಕಿಯ ಹತ್ತಿರ ಹೋದಳು. ಇದನ್ನು ನಿಮ್ಮವರಿಗೆ ಕೊಡಿ, ಅದನ್ನು ನನಗೆ ಕೊಟ್ಟುಬಿಡಿ ಎಂದು ಕೈ ಚಾಚಿದಳು. ಹೆಂಗಸು ಬಾಳೆಹಣ್ಣು ಇಸಿದುಕೊಂಡು, ದೇವರು ನಿಮಗೆ ಒಳ್ಳೇದು ಮಾಡಲಿ ಎಂದು ಕಣ್ಣು ತುಂಬಿಕೊಂಡಳು. ಹಣ್ಣನ್ನೂ ಬಿಸ್ಕತ್ತನ್ನೂ ಎರಡನ್ನೂ ಮಡಿಲಲ್ಲಿಟ್ಟುಕೊಂಡಳು. ಬಸ್ಸು ಹೊರಟಿತು.

ಹಿಂದಿನಿಂದ ಪುಟ್ಟಸ್ವಾಮಿ ಅಕ್ಕಾ ಎಂದು ಒಂದೇ ಸಲ ಕರೆದ. ಅವಳು ತಿರುಗಲಿಲ್ಲ. ನಂಜನಗೂಡು ಕಡೆಯ ಬಸ್ಸು ಬಂದಾಗ, ಉಟ್ಟ ಸೀರೆಯಲ್ಲೇ ಹತ್ತಿ ಕೂತು ಹದಿನಾರಿಗೆ ಟಿಕೆಟ್ ಕೇಳಿದಳು. ಚೀಟಿ ಗಾಜಿನ ಪೆಟ್ಟಿಗೆಯ ಮೇಲೆಯೇ ಉಳಿದಿತ್ತು. ಅದು ಅವಳಿಗೆ ನೆನಪಿಲ್ಲದೆ ಅಲ್ಲ. ಓದಲು ಬರುವವನ ಹತ್ತಿರವೇ ಇರಲಿ ಎಂದು ಬಿಟ್ಟು ಬಂದಿದ್ದಳು.